ತೆಂಗಿನ ಪೊಲೀಸರ ಎರಡನೇ ಕಂತು

ಜೇವರ್ಗಿ,
೧೧ ಏಪ್ರಿಲ್ ೨೦೨೫

ಪ್ರೀತಿಯ ಮಗಳು ಮೈತ್ರಿಗೆ,

ಅಪ್ಪ ಅವ್ವ ಇಬ್ಬರ ಆಶೀರ್ವಾದ. ನಿನ್ನ ಕಾಗದ ಕೈಸೇರಿ ಹದಿನೆಂಟು ದಿನಗಳಾದವು. ಉತ್ತರ ತಡವಾದದ್ದಕ್ಕೆ ಬಿಸಿಲನ್ನು ಬೈಯೋಣವೆಂದುಕೊಂಡೆ. ಆದರೆ ಇನ್ನೆರಡು ತಿಂಗಳಲ್ಲಿ ಹೆಗಲ ಮೇಲೆ ಎರಡು ನಕ್ಷತ್ರ ಹಾಕಿಕೊಳ್ಳುವವಳಿಗೆ ಸುಳ್ಳು ನೆಪ ಹೇಳುವುದು ಸರಿಯಲ್ಲ. ನಾಲ್ಕು ಸಲ ಬರೆಯಲು ಕುಳಿತೆ, ನಾಲ್ಕು ಸಲವೂ ಹರಿದು ಹಾಕಿದೆ. ನಿನ್ನ ತರಬೇತಿ ಶಾಲೆಯವರು ವಾರಕ್ಕೆ ಅರ್ಧ ಗಂಟೆ ಮಾತ್ರ ಫೋನು ಕೊಡುವುದು ಒಂದು ರೀತಿ ಒಳ್ಳೆಯದೇ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿ ಊಟ, ನಿದ್ದೆ, ಸೆಕೆ ಎಂದು ಬೇರೆ ಕಡೆ ಹೊರಳಿಬಿಡುತ್ತದೆ.

ನಿನ್ನ ಅವ್ವ ಚೆನ್ನಾಗಿದ್ದಾಳೆ. ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿಟ್ಟು, ಆ ಕಡೆ ಬರುವವರು ಯಾರಾದರೂ ಇದ್ದಾರೇನೋ ಎಂದು ಓಣಿಯೆಲ್ಲ ವಿಚಾರಿಸುತ್ತಿದ್ದಾಳೆ. ನಿನ್ನ ಹೊಸ ಫೋಟೊ ನೋಡಿ ನನ್ನನ್ನೇ ಬೈದಳು. "ಕೂಸು ಕಡ್ಡಿ ಆಗ್ಯಾಳ್ರಿ. ಪೊಲೀಸ್ ಮಾಡಾಕ ಕರ್ಕೊಂಡು ಹೋಗ್ಯಾರೋ, ಬಿಸಿಲಾಗ ಒಣಗಸಾಕ ಕರ್ಕೊಂಡು ಹೋಗ್ಯಾರೋ?" ಎಂದಳು. ಸುಭದ್ರಾಬಾಯಿಯ ಬಾಯಿಗೆ ನಿವೃತ್ತಿ ಇಲ್ಲ.

ಬೂಟಿನ ಲೇಸು ಎಲ್ಲರಂತೆ ಕಟ್ಟುವುದಿಲ್ಲವೆಂದು ಉಸ್ತಾದರು ನಿನ್ನನ್ನು ಮೈದಾನದ ಸುತ್ತ ಎರಡು ಸಲ ಓಡಿಸಿದರು ಎಂಬುದನ್ನು ಓದಿ ನಕ್ಕೆ. ಅದು ಎಡಚರ ಗಂಟು ಮಗಳೇ. ನೀನು ಬಲಗೈಯವಳು, ಕಲಿಸಿದ ನಾನು ಎಡಗೈಯವನು. ೧೯೮೮ರಲ್ಲಿ ನನಗೂ ಇದೇ ಶಿಕ್ಷೆಯಾಗಿತ್ತು. ಇಡೀ ತುಕಡಿಯಲ್ಲಿ ಹಾಗೆ ಕಟ್ಟುತ್ತಿದ್ದವನು ನಾನೊಬ್ಬನೇ.

ಇನ್ನು ನಿನ್ನ ಭಾಷಣ. ಠಾಣೆಯೊಳಗಿನ ಕ್ರೌರ್ಯದ ಬಗ್ಗೆ ಮಾತಾಡಿ ಮೊದಲ ಬಹುಮಾನ ಗೆದ್ದೆ, ಅದು ನಿಮ್ಮ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತದೆ, ಮೇ ಹದಿನೈದಕ್ಕೆ ಮುದ್ರಣಕ್ಕೆ ಹೋಗುತ್ತದೆ ಎಂದು ಬರೆದು ಪ್ರತಿಯನ್ನೂ ಕಳಿಸಿದ್ದೀಯ. ಅವ್ವನಿಗೆ ಜೋರಾಗಿ ಓದಿ ಹೇಳಿದೆ. ಒಂದು ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದೆ. "ನನ್ನ ತಂದೆಯ ಆಪ್ತ ಗೆಳೆಯನೇ ಆದರೂ ಹೇಳಲೇಬೇಕು. ೧೯೯೧ರಲ್ಲಿ ಕಾನ್‌ಸ್ಟೇಬಲ್ ಇಸ್ಮಾಯಿಲ ಒಬ್ಬ ಅಮಾಯಕನನ್ನು ಹಸಿ ಚರ್ಮದ ಬಾರಿನಿಂದ ಬಿಸಿಲಿಗೆ ಕಟ್ಟಿ, ಅವನ ಕೈಗಳನ್ನು ಕಳೆದ."

ಈ ಕಥೆ ನಿನಗೆ ನಾನೇ ಹೇಳಿದ್ದು, ಗೊತ್ತು. ಆದರೂ ಅವನ ಹೆಸರು ತೆಗೆಯಲಾಗುವುದಿಲ್ಲವೇ? ನೌಕರಿ ಹೋದ ಮೇಲೆ ಮೂವತ್ತಮೂರು ವರ್ಷ ವಿಜಯಪುರ ರಸ್ತೆಯಲ್ಲಿ ಲಾರಿಗಳ ಟೈರು ಕೀಳುತ್ತ ಬದುಕಿದವನು. ಮಕ್ಕಳಿಲ್ಲ. ಹತ್ತು ತಿಂಗಳ ಕೂಸಾಗಿದ್ದ ನಿನಗೆ ಉಸಿರು ಸಿಕ್ಕಿಕೊಂಡಾಗ ಕಲಬುರಗಿಯವರೆಗೆ ಬೈಕು ಓಡಿಸಿದವನು ಅವನು. ನಿನ್ನ ಆಯ್ಕೆಯಾದ ದಿನ ಅಂಗಡಿಯ ಮುಂದೆ ನಿಂತ ಲಾರಿಯವರಿಗೆಲ್ಲ ಪೇಢೆ ಹಂಚಿದ. ಯೋಚನೆ ಮಾಡು.

ನೀನು ಫೋನಿಗೆ ಕಳಿಸಿದ ಧಾರಾವಾಹಿಯ ವಿಷಯಕ್ಕೆ ಬರೋಣ. "ಅಪ್ಪಾ, ನಿನ್ನ ತೆಂಗಿನ ಪೊಲೀಸರು ಸಿಕ್ಕರು, ಈಗ ಕೆಳಗೆ ಕನ್ನಡ ಅಕ್ಷರವೂ ಬರುತ್ತದೆ" ಎಂಬುದನ್ನು ಓದಿ ಕುಣಿಯುವುದೊಂದು ಬಾಕಿ ಉಳಿದಿತ್ತು. ಅದರ ಇಂಗ್ಲಿಷ್ ಹೆಸರು ನಮ್ಮಲ್ಲಿ ಯಾರ ನಾಲಿಗೆಗೂ ಹೊಂದಲಿಲ್ಲ. ಎಲ್ಲೋ ದೂರದ ದ್ವೀಪಗಳು, ತೆರೆಯ ತುಂಬ ತೆಂಗಿನ ಮರ, ಮರದ ಕೆಳಗೆ ಪೊಲೀಸರು. ಹಾಗಾಗಿ ಇಡೀ ಹಿರೇಕರಕಿಗೆ ಅದು ತೆಂಗಿನ ಪೊಲೀಸ್. ಆಗ ನಾನೂ ಇಸ್ಮಾಯಿಲನೂ ಆ ಊರಿನ ಹೊರಠಾಣೆಯಲ್ಲಿ ಎಳೆಯ ಕಾನ್‌ಸ್ಟೇಬಲ್‌ಗಳು, ನಮ್ಮ ಮೇಲೊಬ್ಬ ಜಮಾದಾರರು. ಊರಿಗೆಲ್ಲ ಒಂದೇ ಟಿವಿ, ದೊಡ್ಡಪ್ಪಗೌಡರ ಪಡಸಾಲೆಯಲ್ಲಿ. ಭಾನುವಾರ ಮುಂಜಾನೆ ನೂರು ಜನ ಸೇರುತ್ತಿದ್ದರು.

ವಾರಕ್ಕೊಂದು ಹೆಣ ಬೀಳುತ್ತಿತ್ತು. ಅನಾನಸ್ ಹೊಲದಲ್ಲಿ ಕುತ್ತಿಗೆ ಕೊಯ್ದ ಹೆಣ, ದೋಣಿ ಸಿಡಿದು ತುಂಡಾದ ಹೆಣ. ಕೊನೆಯಲ್ಲಿ ಬಿಳಿ ಟೋಪಿ, ಕರಿ ಬೂಟು ಹಾಕಿದ ಅವರ ಸಾಹೇಬ ಬಂದು ಕಳ್ಳನನ್ನು ಮರಳಿನಲ್ಲಿ ಕೆಡವಿ ಕೈಗೆ ಬೇಡಿ ಹಾಕುತ್ತಿದ್ದ. ಜನ ಶಿಳ್ಳೆ ಹೊಡೆಯುತ್ತಿದ್ದರು. ಮಾತೆಲ್ಲ ಇಂಗ್ಲಿಷ್. ಹತ್ತನೇ ಇಯತ್ತೆಯ ಇಂಗ್ಲಿಷಿನಲ್ಲಿ ನಲವತ್ತೊಂದು ಅಂಕ ತೆಗೆದಿದ್ದ ನಾನೇ ಅಲ್ಲಿ ದೊಡ್ಡ ಪಂಡಿತ. ಟಿವಿಯ ಪಕ್ಕದಲ್ಲಿ ನಿಂತು ಯಾರು ಏನೆಂದರು ಎಂದು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ತಿಳಿದಷ್ಟು ಹೇಳುತ್ತಿದ್ದೆ, ತಿಳಿಯದ್ದನ್ನು ಕಟ್ಟಿ ಹೇಳುತ್ತಿದ್ದೆ. ತಿಳಿಯುತ್ತಿದ್ದದ್ದು ಬಹಳ ಕಡಿಮೆ.

ಈಗ ಅವ್ವ ಪಕ್ಕದಲ್ಲಿ ಕುಳಿತು ಕೆಳಗಿನ ಅಕ್ಷರ ಓದುತ್ತಾಳೆ. ಆಸ್ತಿಗಾಗಿ ಅಣ್ಣನೇ ತಮ್ಮನನ್ನು ಶಾರ್ಕ್ ಮೀನಿಗೆ ಎಸೆದ ಎಂದು ನಾನು ಊರಿಗೆಲ್ಲ ಹೇಳಿ ಹೆಂಗಸರನ್ನು ಅಳಿಸಿದ್ದ ಕಂತಿನಲ್ಲಿ ಅಣ್ಣನೂ ಇಲ್ಲ, ತಮ್ಮನೂ ಇಲ್ಲ, ವಜ್ರದ ಕಳ್ಳಸಾಗಣೆ. "ನೀವು ಹೇಳಿದ್ದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲಲ್ರಿ! ಅಷ್ಟು ಮಂದಿ ಮುಂದ ನಿಂತು ಸುಳ್ಳು ಹೇಳಿದ್ರಿ?" ಎಂದು ಸೆರಗು ಬಾಯಿಗಿಟ್ಟು ನಗುತ್ತಾಳೆ. ನಾನೂ ನಕ್ಕೆ. ಇನ್ನೂ ಹದಿನಾಲ್ಕು ಕಂತು ಉಳಿದಿವೆ.

ಮೈ ನೋಡಿಕೊ. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಸಿದ್ದಲಿಂಗ

ತಾ.ಕ.: ಹೊಲದಿಂದ ನಾನು ಬರುವುದರೊಳಗೆ ಹಠ ಮಾಡಿ ನನ್ನ ಹಳೆಯ ನೌಕರಿ ಟ್ರಂಕನ್ನೇ ತುಂಬಿಕೊಂಡು ಹೋದೆ. ಅದರ ತಳಕ್ಕೆ ಅಂಟಿಸಿದ ಕಾಗದ ಕೀಳಬೇಡ. ಕೆಳಗೆ ತುಕ್ಕು ಹಿಡಿದಿದೆ, ಬಟ್ಟೆಗೆ ಹತ್ತುತ್ತದೆ.

*

ಜೇವರ್ಗಿ,
೨೪ ಏಪ್ರಿಲ್ ೨೦೨೫

ಮಗಳೇ ಮೈತ್ರಿ,

ಆಶೀರ್ವಾದ. ಮೊದಲು ಒಂದು ತಪ್ಪೊಪ್ಪಿಗೆ. ಭಾನುವಾರ ನೀನು ಫೋನು ಮಾಡಿದಾಗ ದನಿ ಕೇಳುತ್ತಿಲ್ಲವೆಂದು ಇಟ್ಟುಬಿಟ್ಟೆ. ಚೆನ್ನಾಗಿಯೇ ಕೇಳುತ್ತಿತ್ತು. "ಹೆಸರು ಯಾಕ ತೆಗೀಬೇಕಪ್ಪಾ? ಖರೇ ಅಲ್ಲೇನು ಅದು?" ಎಂದು ಕೇಳಿದೆಯಲ್ಲ, ಅದಕ್ಕೇ ಇಟ್ಟೆ.

ಖರೇ ಏನು ಎಂಬುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ತೆಂಗಿನ ಪೊಲೀಸರಲ್ಲಿ ಮೀನುಗಾರನೊಬ್ಬನ ಕಂತು ನೋಡಿದೆ. ಅವ್ವ ಮಧ್ಯಾಹ್ನ ಮಲಗಿದ್ದಳು, ಒಬ್ಬನೇ ನೋಡಿದೆ.

೧೯೯೧ರ ಏಪ್ರಿಲಿನಲ್ಲಿ ಹಿರೇಕರಕಿಯಲ್ಲಿ ನೋಡಿದ ಕೊನೆಯ ಕಂತು ಅದು. ಎರಡು ಭಾಗದ ಕಥೆ, ನಮಗೆ ಸಿಕ್ಕದ್ದು ಮೊದಲ ಭಾಗ. ಅಂದು ಚಿತ್ರ ಮಂಜುಮಂಜು, ಮುಖಗಳು ಸರಿಯಾಗಿ ಕಾಣುತ್ತಿರಲಿಲ್ಲ. ಬಿಳಿ ಟೋಪಿಯವನು ಒಬ್ಬ ಮೀನುಗಾರನನ್ನು ದಂಡೆಗೆ ಎಳೆದು ತರುತ್ತಾನೆ. ಬಂದೂಕಿನ ಹಿಡಿಯಿಂದ ಬಾಯಿಗೆ ಗುದ್ದುತ್ತಾನೆ, ತುಟಿ ಸೀಳುತ್ತದೆ. ಆಮೇಲೆ ಹಸಿ ಚರ್ಮದ ಬಾರನ್ನು ನೀರಲ್ಲಿ ಅದ್ದಿ, ಮೀನುಗಾರನ ಎರಡೂ ಕೈಗಳನ್ನು ತೆಂಗಿನ ಮರದ ಹಿಂದಕ್ಕೆ ಕಟ್ಟಿ, ಬಿಸಿಲಿಗೆ ಬಿಟ್ಟು ಏನೋ ಹೇಳಿ ನಗುತ್ತಾನೆ. ಅಲ್ಲಿಗೆ ಮುಗಿಯಿತು, ಉಳಿದದ್ದು ಮುಂದಿನ ಭಾನುವಾರ.

ನೂರು ಜನ ನನ್ನ ಬಾಯಿ ನೋಡುತ್ತಿದ್ದರು. ನನಗೆ ಒಂದು ಅಕ್ಷರವೂ ತಿಳಿದಿರಲಿಲ್ಲ. "ಸಾಹೇಬ ಹೇಳ್ತಾನ, ನಾ ಹೊಡಿಯಂಗಿಲ್ಲ, ಬಡಿಯಂಗಿಲ್ಲ. ಬಾರ್ ಒಣಗಿದಂಗ ಖರೇ ಮಾತು ತಾನೇ ಹೊರಗ ಬರ್ತದ" ಎಂದೆ. ಜನ ಚಪ್ಪಾಳೆ ಹೊಡೆದರು. ಜಮಾದಾರರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ತಲೆಯಾಡಿಸಿದರು.

ಹಿಂದಿನಿಂದ ಇಸ್ಮಾಯಿಲ ಕೂಗಿದ. "ಲೇ ಸಿದ್ಯಾ, ಅಂವ ನಮ್ಮ ಸಾಹೇಬ ಅಲ್ಲಲೇ! ಬೂಟ್ ನೋಡು. ನಮ್ಮಂವಂದು ಕರೀ ಬೂಟು, ಇಂವಂದು ಬಿಳೀ ಕ್ಯಾನ್ವಾಸ್."

"ಇಂಗ್ಲಿಷಿನ್ಯಾಗ ಫೇಲ್ ಆದಂವಗ ಏನ್ ತಿಳೀತದ? ಸುಮ್ಕ ಕೂಡು" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕು ಕುಳಿತ.

ಬುಧವಾರ ಗೌಡರ ಟಿವಿ ಕಳುವಾಯಿತು. ಸೋಮವಾರ ಅಂದೋಲಾದಿಂದ ಪರಮೇಶ ಎಂಬ ರೇಡಿಯೋ ಮೆಕ್ಯಾನಿಕ್ ಬಂದು ಮಾಳಿಗೆಯ ಮೇಲಿನ ಆಂಟೆನಾ ತಿರುಗಿಸಿ ಹೋಗಿದ್ದ. ಇಪ್ಪತ್ತೆರಡು ವಯಸ್ಸು, ಜೇಬಿನಲ್ಲಿ ಸದಾ ಎರಡು ಸ್ಕ್ರೂಡ್ರೈವರ್. ಅನುಮಾನಕ್ಕೆ ಅಷ್ಟೇ ಸಾಕಾಯಿತು. ಗೌಡರು ಕಣ್ಣು ಕೆಂಪಗೆ ಮಾಡಿದರು, ಜಮಾದಾರರು ಅವನನ್ನು ಹಿಡಿಸಿ ತಂದರು.

ಮೊದಲ ದಿನ ಬೆತ್ತ. ಅಂಗಾಲು ಒಡೆದು ನೆಲಕ್ಕೆ ರಕ್ತದ ಹೆಜ್ಜೆ ಬಿದ್ದವು. ಬೂಟುಗಾಲಿನ ಒಂದು ಒದೆತಕ್ಕೆ ಮುಂದಿನ ಹಲ್ಲು ಹೋಯಿತು. "ಆಂಟೆನಾ ತಿರುಗಿಸಿ ಬಂದೇನ್ರಿ ಯಪ್ಪಾ, ಅಷ್ಟರೀ" ಎಂಬುದೊಂದೇ ಮಾತು ಅವನದು. ಎರಡನೇ ದಿನ ಜಮಾದಾರರಿಗೇ ಸುಸ್ತಾಯಿತು. ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಸಿದ್ದಲಿಂಗ, ಆ ಬಿಳೀ ಟೋಪಿ ಸಾಹೇಬ ಹೆಂಗ ಮಾಡಿದ್ದಲೇ?"

ನಾನು ಹೇಳಿದೆ.

ಗೌಡರ ಕೊಟ್ಟಿಗೆಯಿಂದ ನೊಗ ಬಿಗಿಯುವ ಚರ್ಮದ ಬಾರು ಬಂತು. ದನದ ಬಾನಿಯಲ್ಲಿ ನೆನೆಹಾಕಿದಾಗ ಮೆತ್ತಗಾಯಿತು. ಹೊರಠಾಣೆಯ ಮುಂದಿನ ಧ್ವಜದ ಕಂಬಕ್ಕೆ ಅವನನ್ನು ಬೆನ್ನು ಹಚ್ಚಿ ನಿಲ್ಲಿಸಿ, ಕೈ ಹಿಂದಕ್ಕೆ ಮಾಡಿ, ಬಾರು ಕಟ್ಟಲಾಯಿತು. ಆಗ ಮುಂಜಾನೆ ಹನ್ನೊಂದು ಗಂಟೆ.

ಟಿವಿಯಲ್ಲಿ ಸಮುದ್ರದ ದಂಡೆ. ಗಾಳಿಯಲ್ಲಿ ನೀರು, ಬಾರು ಒಣಗಲು ಇಡೀ ದಿನ ಬೇಕು. ಇಲ್ಲಿ ನಮ್ಮ ಏಪ್ರಿಲ್. ತೊಳೆದ ಧೋತರವನ್ನು ಹಿಡಿದು ಬಾವಿಯಿಂದ ಮನೆ ಮುಟ್ಟುವಷ್ಟರಲ್ಲಿ ಒಣಗುತ್ತದೆ. ಈ ಲೆಕ್ಕ ನಮ್ಮ ಮೂವರಲ್ಲಿ ಯಾರ ತಲೆಗೂ ಬರಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ, ಆದರೆ ಮೂವರೂ ಈ ನೆಲದಲ್ಲೇ ಹುಟ್ಟಿದವರು. ಅರ್ಧ ಗಂಟೆಗೆ ಪರಮೇಶ ಚೀರತೊಡಗಿದ. ಮುಕ್ಕಾಲು ಗಂಟೆಗೆ ಚೀರುವುದು ನಿಂತು ಮೂಗಿನಿಂದ ಎಳೆದ ಹಾಗೆ ಸಣ್ಣ ದನಿ ಬರತೊಡಗಿತು. ಒಮ್ಮೆ ನಾನು ಹೋಗಿ ನೀರು ಕುಡಿಸಿದೆ. ಅವನ ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಜಮಾದಾರರಿಗೆ ಹೇಳಿದೆ. "ಇನ್ನೂ ಬಾಯಿ ಬಿಟ್ಟಿಲ್ಲ" ಎಂದು ಅವರು ಊಟಕ್ಕೆ ಕುಳಿತರು. ನಾನೂ ಕುಳಿತೆ.

ಒಂದೂವರೆಗೆ ಇಸ್ಮಾಯಿಲ ಚಾಕು ಹಿಡಿದು ಓಡಿದ. ಬಾರು ಮಾಂಸದೊಳಗೆ ಹೂತುಹೋಗಿತ್ತು, ಚಾಕುವಿನ ತುದಿ ತೂರಿಸಲು ಜಾಗವೇ ಇರಲಿಲ್ಲ. ಮಾಂಸ ಸಮೇತ ಕೊಯ್ಯಬೇಕಾಯಿತು. ರಕ್ತ ಚಿಮ್ಮಿ ಅವನ ಅಂಗಿ ತೊಯ್ದಿತು. ಜಮಾದಾರರು ಓಡಿಬಂದು, ಕೊಯ್ಯುತ್ತಿದ್ದವನ ಬೆನ್ನಿಗೆ ಬೆಲ್ಟಿನ ಹಿತ್ತಾಳೆಯಿಂದ ಬಾರಿಸಿದರು. ಆರು ಏಟು ತಿಂದರೂ ಇಸ್ಮಾಯಿಲ ಕೈ ತೆಗೆಯಲಿಲ್ಲ. ಏಳನೆಯದಕ್ಕೆ ತಿರುಗಿ ಒದ್ದ. ಜಮಾದಾರರು ಕಟ್ಟೆಗೆ ಬಿದ್ದು ತಲೆ ಒಡೆಯಿತು.

ಆಸ್ಪತ್ರೆಯಲ್ಲಿ ಪರಮೇಶನ ಎಡಗೈಯನ್ನು ಮಣಿಕಟ್ಟಿನಲ್ಲಿ ಕತ್ತರಿಸಿದರು. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದವು. ಡಾಕ್ಟರು ಮಣಿಕಟ್ಟಿನ ಮೇಲೆ ಚಾಕುವಿನ ಗಾಯಗಳನ್ನು ಬರೆದುಕೊಂಡರು. ವಿಚಾರಣೆಯಲ್ಲಿ ಕೊಯ್ದವನೇ ಕಟ್ಟಿದವನು ಎಂದಾಯಿತು. ಮೇಲಧಿಕಾರಿಯ ತಲೆ ಒಡೆದವನ ಮಾತನ್ನು ಯಾರು ಕೇಳುತ್ತಾರೆ? ವರ್ಷ ತುಂಬುವುದರೊಳಗೆ ಇಸ್ಮಾಯಿಲನ ನೌಕರಿ ಹೋಯಿತು. ಟಿವಿ ಇಪ್ಪತ್ತು ದಿನಕ್ಕೆ ಗೌಡರ ಸ್ವಂತ ಅಳಿಯನ ಮೇವಿನ ಬಣವೆಯಲ್ಲಿ ಸಿಕ್ಕಿತು. ಆ ಜಮಾದಾರರು ಈಗಿಲ್ಲ.

ಈಗ ಎರಡನೇ ಭಾಗ ಕೇಳು. ಟಿವಿ ಕಳುವಾಗದಿದ್ದರೆ ಮರು ಭಾನುವಾರ ಹಿರೇಕರಕಿಯ ಜನರೆಲ್ಲ ನೋಡುತ್ತಿದ್ದ ಭಾಗ. ಆ ಬಿಳಿ ಟೋಪಿಯವನು ಸಾಹೇಬನೇ ಅಲ್ಲ, ಮೈತ್ರಿ. ಒಬ್ಬ ಪೊಲೀಸನನ್ನು ಕೊಂದು ಅವನ ಅಂಗಿ, ಟೋಪಿ ತೊಟ್ಟ ಕೊಲೆಗಡುಕ. ಬೂಟು ಮಾತ್ರ ಅವನ ಕಾಲಿಗೆ ಹಿಡಿಸಿರಲಿಲ್ಲ. ಮೀನುಗಾರ ಆ ಕೊಲೆ ನೋಡಿದ ಸಾಕ್ಷಿ. ನಿಜವಾದ ಸಾಹೇಬ ಕರಿ ಬೂಟಿನಲ್ಲಿ ಮರಳಿನ ಮೇಲೆ ಓಡಿ ಬರುವಷ್ಟರಲ್ಲಿ ಮೀನುಗಾರ ಸತ್ತಿರುತ್ತಾನೆ. ಅವನ ಕೈಗಳನ್ನು ಹತ್ತಿರದಿಂದ ತೋರಿಸುತ್ತಾರೆ. ನನಗೆ ಆ ಕೈಗಳು ಗೊತ್ತು. ಸಾಹೇಬ ಮಂಡಿಯೂರಿ ಗಂಟು ಬಿಚ್ಚಲು ಹೋಗಿ, ಬಿಚ್ಚಲಾರದೆ, ಟೋಪಿ ತೆಗೆದು ಮರಳಿನ ಮೇಲಿಡುತ್ತಾನೆ. ಕೆಳಗೆ ಅಕ್ಷರ ಬಂತು. "ನಾನು ಒಂದು ದಿನ ತಡವಾಗಿ ಬಂದೆ."

ಫೋನು ಬೋರಲು ಹಾಕಿ ಅತ್ತೆ. ಅವ್ವ ಎದ್ದು ಬಂದು "ಏನಾತ್ರಿ, ಯಾರರೇ ತೀರಿಕೊಂಡ್ರೇನು?" ಎಂದಳು. ಟಿವಿಯಲ್ಲಿ ಒಬ್ಬ ಸತ್ತ ಎಂದೆ.

ಹೆಸರು ತೆಗೆ ಮಗಳೇ. ಅವನು ಕೊಯ್ದು ಬಿಡಿಸಿದವನು.

ಆಶೀರ್ವಾದಗಳೊಂದಿಗೆ,
ಅಪ್ಪ

ತಾ.ಕ.: ಇಸ್ಮಾಯಿಲನಿಗೆ ಈ ಎರಡನೇ ಭಾಗದ ವಿಷಯ ಇನ್ನೂ ಹೇಳಿಲ್ಲ. ಹೇಳಬೇಕು.

*

ಜೇವರ್ಗಿ,
೪ ಮೇ ೨೦೨೫

ಮಗಳೇ,

ನಿನ್ನ ಎರಡು ಸಾಲಿನ ಕಾಗದ ತಲುಪಿತು. "ಅವರೇ ಕಟ್ಟಿ, ಅವರೇ ಬಿಡಿಸಿದರೆ ಅಪರಾಧ ಹೋಗುವುದಿಲ್ಲ ಅಪ್ಪ. ಹೆಸರು ಇರುತ್ತದೆ." ಒಳ್ಳೆಯ ಪೊಲೀಸ್ ಆಗುತ್ತೀ ನೀನು. ಉತ್ತರ ಮೂರು ದಿನ ತಡವಾಯಿತು, ಕ್ಷಮಿಸು. ಬಾಯಿ ಬಾತಿದೆ, ಒಂದು ಹಲ್ಲು ಅಲ್ಲಾಡುತ್ತಿದೆ. ಅವ್ವನಿಗೆ ಬೈಕಿನಿಂದ ಬಿದ್ದೆ ಎಂದಿದ್ದೇನೆ. ಅವಳು ನಂಬಿಲ್ಲ.

ಗುರುವಾರ ಇಸ್ಮಾಯಿಲನ ಅಂಗಡಿಗೆ ಹೋದೆ. ಲಾರಿಯ ಟೈರೊಂದನ್ನು ಕೆಡವಿಕೊಂಡು ಕಬ್ಬಿಣದ ಸಲಾಕೆಯಿಂದ ಕೀಳುತ್ತಿದ್ದ. ಚಹಾ ತರಿಸಿದ. ನಾನು ಫೋನು ತೆಗೆದು ಎರಡನೇ ಭಾಗ ತೋರಿಸಿದೆ. ಇಡೀ ಮುಕ್ಕಾಲು ಗಂಟೆ ಅವನು ರೆಪ್ಪೆ ಹೊಡೆಯದೆ ನೋಡಿದ. ಕರಿ ಬೂಟು ಮರಳಿನ ಮೇಲೆ ಕಂಡಾಗ ಮಾತ್ರ ಅವನ ತುಟಿ ಅಲುಗಿತು.

"ಬೂಟ್ ನೋಡು ಅಂದಿದ್ದೆ" ಎಂದ.

"ಹೌದು."

"ಎಲ್ಲಾರೂ ನಕ್ಕಿದ್ರಿ."

"ಹೌದು." ಆಮೇಲೆ ನಿನ್ನ ಭಾಷಣದ ವಿಷಯ ಹೇಳಿದೆ. ಅಚ್ಚಾಗುತ್ತದೆ, ಹೆಸರು ಬರುತ್ತದೆ, ಎಂದೆ.

ಅವನ ಕೈ ಬಂದದ್ದೇ ಕಾಣಲಿಲ್ಲ. ಟೈರು ಕೀಳುವ ಕೈ. ನಾನು ಟ್ಯೂಬುಗಳ ರಾಶಿಯ ಮೇಲೆ ಬಿದ್ದೆ. ಎದ್ದರೆ ಮತ್ತೊಂದು. ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ, ಸಲಾಕೆ ಇನ್ನೊಂದು ಕೈಯಲ್ಲಿತ್ತು. ಒಂದು ಕ್ಷಣ ತಲೆ ಒಡೆಯುತ್ತಾನೆಂದೇ ತಿಳಿದೆ. ಒಡೆಯಲಿ ಎಂದೂ ಅನ್ನಿಸಿತು.

"ಊರೆಲ್ಲ ಅಂದ್ರು, ಅನಸ್ಕೊಂಡೆ. ನನ್ನ ಹೇಣ್ತಿ ಸಾಯೂತನಕ ಅಂದ್ಲು, ಅನಸ್ಕೊಂಡೆ. ಆಕಿ ಬಾಯಾಗೂ ನಾನೇನಲೇ? ನಾ ಎತ್ತಿ ಆಡಿಸಿದ ಕೂಸಿನ ಬಾಯಾಗೂ?" ಸಲಾಕೆಯನ್ನು ಟೈರಿಗೆ ಹೊಡೆದ. ಅದು ಪುಟಿದು ಚಹಾದ ಗ್ಲಾಸುಗಳನ್ನು ಒಡೆಯಿತು. ಆಮೇಲೆ ಅವನೇ ಕೊಡದಿಂದ ನೀರು ತಂದು ನನ್ನ ಬಾಯಿ ತೊಳೆಸಿ, ಅಂಗಡಿಯ ಬಾಗಿಲು ಎಳೆದು, "ಬೈಕ್ ಹತ್ತು. ಯಡ್ರಾಮಿಗೆ ಹೋಗೂಣು" ಎಂದ.

ಪರಮೇಶ ಈಗ ಯಡ್ರಾಮಿಯಲ್ಲಿದ್ದಾನೆ. ಬಸ್ ನಿಲ್ದಾಣದ ಹಿಂದೆ ಮೊಬೈಲ್, ಟಿವಿ ರಿಪೇರಿಯ ಸಣ್ಣ ಅಂಗಡಿ. ಕೈಕೆಲಸವನ್ನೆಲ್ಲ ಅವನ ಅಣ್ಣನ ಮಗಳು ವಂದನಾ ಮಾಡುತ್ತಾಳೆ, ನಿನ್ನದೇ ವಯಸ್ಸು. ಅವನು ಪಕ್ಕದಲ್ಲಿ ಕುಳಿತು ಉಳಿದ ಎರಡು ಬೆರಳಿನಿಂದ ತೋರಿಸುತ್ತಾನೆ. ಆ ತಂತಿ ಅಲ್ಲ, ಈ ತಂತಿ. ಕೂದಲೆಲ್ಲ ಬೆಳ್ಳಗಾಗಿದೆ.

ನನ್ನನ್ನು ಮೊದಲು ಗುರುತಿಸಿದ. ಎದ್ದು ನಿಂತ. ನೀನು ನಂಬಲಾರೆ, ನನಗೆ ಕುರ್ಚಿ ಹಾಕಿಸಿದ. "ಕೂಡ್ರಿ ಸಾಹೇಬ್ರ. ಅವತ್ತ ನೀವೊಬ್ರೇ ನನಗ ನೀರು ಕುಡಿಸಿದ್ರಿ. ನಾ ಮರ್ತಿಲ್ಲ. ವಂದನಾ, ಇವರ ಕಾಲಿಗಿ ನಮಸ್ಕಾರ ಮಾಡವ್ವ." ಆ ಹುಡುಗಿ ಬಿಸಿ ಸೋಲ್ಡರಿಂಗ್ ಕಡ್ಡಿ ಪಕ್ಕಕ್ಕಿಟ್ಟು ನನ್ನ ಕಾಲು ಮುಟ್ಟಿದಳು.

ಆಗ ಇಸ್ಮಾಯಿಲ ಬಾಗಿಲಲ್ಲಿ ಕಂಡ.

ಪರಮೇಶನ ಮುಖ ಹೇಗಾಯಿತೆಂದು ಬರೆಯಲಾರೆ. ಮೇಜು ದಾಟಿ ನುಗ್ಗಿದ. ಮೊಂಡು ತೋಳಿನಿಂದ ಇಸ್ಮಾಯಿಲನ ಮುಖಕ್ಕೆ ಹೊಡೆದ. ಮೂಳೆಗೆ ಮೂಳೆ ತಾಗಿದ ಸದ್ದು ಕೇಳಿಸಿತು. ಮೂಗಿನಿಂದ ರಕ್ತ ಸುರಿಯಿತು. "ಕಟ್ಟಿದಂವಾ ನೀನ, ಕೊಯ್ದಂವಾ ನೀನ! ಈಗ್ಯಾಕ ಬಂದಿ? ಉಳಿದ ಎರಡು ಬೆರಳ ಒಯ್ಯಾಕ ಬಂದಿಯೇನು?" ಬಿದ್ದವನ ಹೊಟ್ಟೆಗೆ ಒದ್ದ, ಪಕ್ಕೆಗೆ ಒದ್ದ. ಕಾಲಿನಲ್ಲಿ ಕೈಗಳ ಬಲವೂ ಸೇರಿತ್ತು. ಕಟ್ಟಿದ್ದು ಬೆನ್ನ ಹಿಂದೆ, ಅವನು ಕಂಡದ್ದು ಚಾಕು ಹಿಡಿದ ಇಸ್ಮಾಯಿಲನನ್ನು ಮಾತ್ರ. ಮೂವತ್ತನಾಲ್ಕು ವರ್ಷ ಅದೇ ಮುಖವನ್ನು ಶಪಿಸಿದ್ದಾನೆ.

ಇಸ್ಮಾಯಿಲ ಕೈ ಎತ್ತಲಿಲ್ಲ. ನೆಲದ ಮೇಲೆ ಬಿದ್ದಲ್ಲಿಂದ ನನ್ನ ಕಡೆ ನೋಡಿದ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಯಾಕೆಂದು ನನಗೆ ಗೊತ್ತಿತ್ತು. ಬಾಯಿ ತೆರೆದರೆ ಸಾಕಿತ್ತು. ನಾನು ಕುರ್ಚಿಯಲ್ಲಿ ಕುಳಿತು ನನ್ನ ಚಪ್ಪಲಿ ನೋಡುತ್ತಿದ್ದೆ.

ವಂದನಾ ಕಾಕಾನನ್ನು ಹಿಡಿದು ಎಳೆದಳು. "ಬಿಡು ಕಾಕಾ, ಸತ್ತಗಿತ್ತಾನು!" ಎಂದು ಅತ್ತಳು. ಜನ ಸೇರಿದರು. ಯಾರೋ ಇಸ್ಮಾಯಿಲನನ್ನು ಎಬ್ಬಿಸಿ ಬೈಕಿನ ಹತ್ತಿರ ತಂದರು. ಮುರಿದ ಮೂಗಿಗೆ ಟವಲು ಒತ್ತಿಕೊಂಡು ಜೇವರ್ಗಿಯವರೆಗೆ ಅವನೇ ಬೈಕು ಓಡಿಸಿದ. ನಮ್ಮ ಮನೆಯ ಮುಂದೆ ಇಳಿಸಿ ಹೇಳಿದ, "ಅವಗ ಹೇಳಾಕ ನಿನ್ನ ಕೈಲೆ ಆಗಲಿಲ್ಲ. ಮಗಳಿಗರೇ ಬರಿ. ಪೂರಾ ಬರಿ."

ಪೂರಾ ಬರೆಯಲೆಂದೇ ಕುಳಿತೆ. ನಾಲ್ಕು ಹಾಳೆಯಾದವು. ಸ್ಮರಣ ಸಂಚಿಕೆ ಹದಿನೈದಕ್ಕೆ ಅಚ್ಚಿಗೆ ಹೋಗುತ್ತದೆ, ಇದು ಸ್ಪೀಡ್ ಪೋಸ್ಟಿನಲ್ಲಿ ಅದಕ್ಕೆ ಮೊದಲೇ ನಿನಗೆ ಸಿಗುತ್ತದೆ. ಭಾಷಣವನ್ನು ನಿಲ್ಲಿಸು ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಬರೆದ ಕ್ರೌರ್ಯ ನಡೆದದ್ದು ನಿಜ.

ಬಿಸಿಲಲ್ಲಿ ಓಡುವಾಗ ನೀರು ಕುಡಿ. ಅವ್ವನ ಹಿಂಡಿ ಇದರ ಜೊತೆ ಕಳಿಸಿದ್ದೇನೆ. ನಿನಗೆ ಒಳ್ಳೆಯದಾಗಲಿ, ನಿನ್ನ ಕೈಯಿಂದ ಯಾರಿಗೂ ಕೆಟ್ಟದ್ದಾಗದಿರಲಿ.

ಅಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಹಿಂದಿನ ಕಾಗದದಲ್ಲಿ "ಬಾರು ಕಟ್ಟಲಾಯಿತು" ಎಂದು ಬರೆದಿದ್ದೆ. ಮೂವತ್ತಾರು ವರ್ಷ ನೌಕರಿ ಮಾಡಿದವನಿಗೆ ಹಾಗೆ ಬರೆಯುವುದು ರೂಢಿ. "ನಮ್ಮ ಮೂವರಲ್ಲಿ" ಎಂದು ಬರೆದದ್ದೂ ಸುಳ್ಳು. ಆ ಮುಂಜಾನೆ ಇಸ್ಮಾಯಿಲ ಹಿರೇಕರಕಿಯಲ್ಲೇ ಇರಲಿಲ್ಲ, ಟಪಾಲು ಹಿಡಿದು ಜೇವರ್ಗಿಗೆ ಹೋಗಿದ್ದ. ತಿರುಗಿ ಬಂದವನು ಕಂಡದ್ದು ಕಂಬಕ್ಕೆ ಜೋತ ಪರಮೇಶನನ್ನು. ಅವನು ಮುಂಜಾನೆಯಿಂದ ಅಲ್ಲೇ ಇದ್ದನೆಂದು ಠಾಣೆಯ ಡೈರಿಯಲ್ಲಿ ಬರೆದವನು ನಾನು. ಬಾರು ಎಲ್ಲಿ ಎಂದು ವಿಚಾರಣೆಯವರು ಕೇಳಿದಾಗ ನಾಯಿ ಎಳೆದುಕೊಂಡು ಹೋಯಿತು ಎಂದವನೂ ನಾನೇ. ಅದನ್ನು ಸುಡಲು ಎಷ್ಟೋ ಸಲ ಒಲೆಯ ಮುಂದೆ ಕುಳಿತಿದ್ದೇನೆ, ಆಗಲಿಲ್ಲ. ಟ್ರಂಕಿನ ತಳದ ಕಾಗದವನ್ನು ಈಗ ಕೀಳು. ಅಲ್ಲಿ ತುಕ್ಕು ಇಲ್ಲ. ಬಾರಿನ ಎರಡು ತುಂಡುಗಳಿವೆ, ಇಸ್ಮಾಯಿಲ ಕೊಯ್ದದ್ದು ಬದಿಗೆ, ಗಂಟು ಹಾಗೆಯೇ ಉಳಿದಿದೆ. ಯಾರಿಗೆ ಒಪ್ಪಿಸಬೇಕೆಂದು ನಿನಗೆ ಕಲಿಸಿರುತ್ತಾರೆ, ನನ್ನನ್ನು ಕೇಳಬೇಡ. ಒಪ್ಪಿಸುವ ಮೊದಲು ನಿನ್ನ ಬೂಟನ್ನು ಅದರ ಪಕ್ಕದಲ್ಲಿಟ್ಟು ಲೇಸು ನೋಡು. ಎರಡೂ ಒಂದೇ ಗಂಟು.